ಅಳಿವೆಯ ಹೂಳು ದಡ ಸೇರಲಿ: ಹೂಳೆತ್ತಿದರೆ ಕಡಲತೀರ ತುಂಬುವುದು ಹೇಗೆ?

ಮಳೆಗಾಲ ಹಿಡಿದು ಒಂದೆರಡು ವಾರ ಆಗುವಷ್ಟರಲ್ಲಿ ಕಾಸರಗೋಡಿನ ಪತ್ರಿಕೆಗಳಲ್ಲಿ ಅವೇ ಊರುಗಳ ಹೆಸರು ಬರತೊಡಗುತ್ತವೆ. ಉಪ್ಪಳದ ಮೂಸೋಡಿ, ಕುಂಬಳೆಯ ಕೊಯಿಪ್ಪಾಡಿ, ಉದುಮದ ತೃಕ್ಕನ್ನಾಡು. ತೆಂಗಿನ ಮರ ಬುಡಸಮೇತ ಉರುಳಿತು, ರಸ್ತೆ ಅರ್ಧ ಕಡಲು ಪಾಲಾಯಿತು, ಮನೆಯವರು ನೆಂಟರ ಮನೆಗೆ ಹೋದರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಸೋಡಿಯಲ್ಲಿ ಮನೆಯೇ ಕುಸಿದು ಬಿತ್ತು. ಮಳೆ ಬಿಟ್ಟ ಮೇಲೆ ಇದೇ ಜಿಲ್ಲೆಯಿಂದ ಬೇರೆ ದೂರು ಬರುತ್ತದೆ. ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಬಾಯಲ್ಲಿ, ಹೊಯ್ಗೆ (ಮರಳು) ತುಂಬಿದೆ, ದೋಣಿ ತಳ ತಾಗುತ್ತಿದೆ, ಬೇಗ ಹೂಳೆತ್ತಿಸಿ ಎಂದು ಮೀನುಗಾರರು ಕೇಳುತ್ತಾರೆ.

ಒಂದು ಕಡೆ ಹೊಯ್ಗೆ ಸಾಲದು, ಇನ್ನೊಂದು ಕಡೆ ಜಾಸ್ತಿ. ಎರಡೂ ಒಂದೇ ಹೊಯ್ಗೆ. ಆದರೆ ನಾವು ಎರಡನ್ನೂ ಬೇರೆ ಬೇರೆ ಇಲಾಖೆಗೆ, ಬೇರೆ ಬೇರೆ ಅರ್ಜಿಯಲ್ಲಿ ಹೇಳುತ್ತೇವೆ. ಅಳಿವೆಯಿಂದ ತೆಗೆದ ಹೊಯ್ಗೆಯನ್ನು ಕೊರೆದು ಹೋದ ದಡಕ್ಕೆ ಹಾಕಿದರೆ ಎರಡು ಕೆಲಸವೂ ಒಟ್ಟಿಗೆ ಆಗುತ್ತದೆ. ಜಗತ್ತಿನ ಎಷ್ಟೋ ಕಡೆ ಹಾಗೆಯೇ ಮಾಡುತ್ತಾರೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಸ್ವಲ್ಪ ವಿವರವಾಗಿ ನೋಡೋಣ.

ಹೊಯ್ಗೆ ಎಲ್ಲಿಂದ ಬರುತ್ತದೆ?

ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲಿವೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು ಹೀಗೆ. ಚಂದ್ರಗಿರಿಗೆ ಸೇರುವ ಪಯಸ್ವಿನಿ ಕೊಡಗಿನ ಬೆಟ್ಟದಿಂದ ಹೊರಟು ಸುಳ್ಯ ದಾಟಿ ಬರುತ್ತದೆ. ಘಟ್ಟದ ಬಂಡೆ ಸಾವಿರಾರು ವರ್ಷ ಮಳೆಗೆ ಸವೆದು ಪುಡಿಯಾಗಿ ಹೊಳೆಯ ಜೊತೆ ಇಳಿಯುತ್ತದೆ. ಮೆತ್ತಗಿನ ಖನಿಜಗಳು ದಾರಿಯಲ್ಲೇ ಕರಗಿ ಕೆಸರಾಗುತ್ತವೆ. ಗಟ್ಟಿಯಾದ ಕ್ವಾರ್ಟ್ಸ್ ಕಾಳು ಉಳಿದುಕೊಳ್ಳುತ್ತದೆ. ನಮ್ಮ ಕಾಲಡಿ ಕಿರ್ರೆನ್ನುವ ಹೊಯ್ಗೆಯಲ್ಲಿ ಹೆಚ್ಚಿನ ಪಾಲು ಅದೇ. ಜೊತೆಗೆ ಒಡೆದ ಚಿಪ್ಪಿನ ಚೂರು.

ಹೊಳೆ ತಂದು ಕೊಟ್ಟದ್ದನ್ನು ಕಡಲು ಇಟ್ಟಲ್ಲೇ ಇಡುವುದಿಲ್ಲ. ಅದು ಎರಡು ದಿಕ್ಕಿನಲ್ಲಿ ಓಡಾಡುತ್ತಿರುತ್ತದೆ.

ಮೊದಲನೆಯದು ದಡದಿಂದ ಆಳಕ್ಕೆ, ಆಳದಿಂದ ದಡಕ್ಕೆ. ಮಳೆಗಾಲದ ದೊಡ್ಡ ತೆರೆಗಳು ದಡವನ್ನು ಕಡಿದು ಹೊಯ್ಗೆಯನ್ನು ಒಳಗೆ ಎಳೆಯುತ್ತವೆ. ಸ್ವಲ್ಪ ದೂರದಲ್ಲಿ ನೀರಿನಡಿ ಅದು ದಿಣ್ಣೆಯಾಗಿ ನಿಲ್ಲುತ್ತದೆ. ಆ ದಿಣ್ಣೆಗೆ ತಾಗಿ ಮುಂದಿನ ತೆರೆಗಳು ಅಲ್ಲೇ ಒಡೆಯುತ್ತವೆ, ದಡಕ್ಕೆ ಬರುವ ಹೊಡೆತ ಕಡಿಮೆಯಾಗುತ್ತದೆ. ಸೆಪ್ಟೆಂಬರ್ ಕಳೆದು ಕಡಲು ತಣ್ಣಗಾದ ಮೇಲೆ ಸಣ್ಣ ತೆರೆಗಳು ಅದೇ ಹೊಯ್ಗೆಯನ್ನು ನಿಧಾನಕ್ಕೆ ವಾಪಸ್ ತಂದು ಹಾಕುತ್ತವೆ. ಜೂನ್‌ನಲ್ಲಿ ಹೋದ ದಡ ಜನವರಿಗೆ ಬರುವುದನ್ನು ತೀರದವರೆಲ್ಲ ನೋಡಿದ್ದಾರೆ. ಇದು ಕಡಲ್ಕೊರೆತವಲ್ಲ, ಕಡಲಿನ ವರ್ಷಾವಧಿ ರೂಢಿ.

ಎರಡನೆಯದು ದಡದ ಉದ್ದಕ್ಕೂ ಸಾಗುವ ಓಟ. ತೆರೆ ನೇರವಾಗಿ ಬಂದು ದಡಕ್ಕೆ ಬಡಿಯುವುದು ಕಡಿಮೆ. ಸ್ವಲ್ಪ ಓರೆಯಾಗಿ ಬರುತ್ತದೆ, ಹೊಯ್ಗೆಯನ್ನು ಓರೆಯಾಗಿ ಮೇಲೆ ತಳ್ಳುತ್ತದೆ. ಇಳಿಯುವ ನೀರು ಮಾತ್ರ ಇಳಿಜಾರಿನಲ್ಲಿ ನೇರ ಕೆಳಗೆ ಬರುತ್ತದೆ. ಹೀಗೆ ಪ್ರತಿ ತೆರೆಗೂ ಒಂದೊಂದು ಕಾಳು ಕೆಲವು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ದಿನಕ್ಕೆ ಸಾವಿರಾರು ತೆರೆ. ವರ್ಷಕ್ಕೆ ಲೆಕ್ಕ ಹಾಕಿದರೆ ಲಕ್ಷಗಟ್ಟಲೆ ಘನ ಮೀಟರ್ ಹೊಯ್ಗೆ ದಡದ ಪಕ್ಕದಲ್ಲೇ ಊರಿಂದೂರಿಗೆ ಸಾಗುತ್ತಿರುತ್ತದೆ. ಮೂಸೋಡಿಯ ದಡ ಉಳಿಯಬೇಕಾದರೆ ಅಲ್ಲಿಂದ ಹೋದಷ್ಟು ಹೊಯ್ಗೆ ಪಕ್ಕದಿಂದ ಬರುತ್ತಲೇ ಇರಬೇಕು. ಬರುವುದು ನಿಂತರೆ, ಹೋಗುವುದು ನಿಲ್ಲುವುದಿಲ್ಲ. ದಡ ಕರಗತೊಡಗುತ್ತದೆ.

ಬಂದರು ಬಂದಾಗ ಏನಾಗುತ್ತದೆ?

ಅಳಿವೆಯ ಬಾಯಿ ಸದಾ ಜಾಗ ಬದಲಿಸುತ್ತದೆ. ದೋಣಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಬಾಯಿಯ ಎರಡೂ ಬದಿ ಬಂಡೆಗಲ್ಲಿನ ಬ್ರೇಕ್‌ವಾಟರ್ (ತೆರೆ ತಡೆಯುವ ಗೋಡೆ) ಕಟ್ಟಿ ಕಡಲಿನ ಒಳಗೆ ಚಾಚುತ್ತಾರೆ. ಕಾಸರಗೋಡಿನ ಕಸಬದಲ್ಲಿ, ಮಂಜೇಶ್ವರದಲ್ಲಿ ಇರುವುದು ಅದೇ. ಮಂಜೇಶ್ವರದ ಬಂದರು 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಮೀನುಗಾರರಿಗೆ ಬಂದರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಳಿವೆ ದಾಟುವಾಗ ದೋಣಿ ಮಗುಚಿ ಜೀವ ಹೋದ ಮನೆಗಳು ಈ ತೀರದಲ್ಲಿವೆ.

ಆದರೆ ಬ್ರೇಕ್‌ವಾಟರ್ ದೋಣಿಗೆ ದಾರಿ ಕೊಟ್ಟು ಹೊಯ್ಗೆಯ ದಾರಿಯನ್ನು ಮುಚ್ಚುತ್ತದೆ. ಉದ್ದಕ್ಕೂ ಸಾಗಿ ಬಂದ ಹೊಯ್ಗೆ ಗೋಡೆಯ ಒಂದು ಮಗ್ಗುಲಲ್ಲಿ ರಾಶಿ ಬೀಳುತ್ತದೆ. ರಾಶಿ ಗೋಡೆಯ ತುದಿ ಮುಟ್ಟಿದ ಮೇಲೆ ಸುತ್ತು ಹಾಕಿ ಬಾಯಿಯೊಳಗೆ ನುಗ್ಗುತ್ತದೆ. ಅದೇ ನಾವು ಹೇಳುವ ಹೂಳು. ಗೋಡೆಯ ಇನ್ನೊಂದು ಮಗ್ಗುಲಿನ ದಡಕ್ಕೆ ಬರಬೇಕಾದ ಹೊಯ್ಗೆ ಬಂದೇ ಇರುವುದಿಲ್ಲ. ಅಲ್ಲಿ ಕೊರೆತ ಶುರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲಕ್ಕೆ ಒಂದು ದಿಕ್ಕು, ಉಳಿದ ಕಾಲಕ್ಕೆ ಇನ್ನೊಂದು ದಿಕ್ಕು ಎಂಬಂತೆ ಹೊಯ್ಗೆ ಸಾಗುತ್ತದೆ. ಆದ್ದರಿಂದ ಯಾವ ಬದಿ ಎಷ್ಟು ತುಂಬುತ್ತದೆ, ಯಾವ ಬದಿ ಎಷ್ಟು ಕೊರೆಯುತ್ತದೆ ಎಂಬುದನ್ನು ಪ್ರತಿ ಬಂದರಿನಲ್ಲೂ ಅಳೆದೇ ತಿಳಿಯಬೇಕು. ನಕ್ಷೆ ನೋಡಿ ಸುಮ್ನೆ ಹೇಳಿದರೆ ತಪ್ಪಾಗುತ್ತದೆ.

ಬಂದರಿನ ತಪ್ಪು ಒಂದೇ ಅಲ್ಲ. ಹೊಳೆಗಳಿಂದ ಮನೆ ಕಟ್ಟಲು ತೆಗೆದ ಹೊಯ್ಗೆಗೂ ಇದರಲ್ಲಿ ಪಾಲಿದೆ. ಕೇರಳ 2001ರಲ್ಲೇ ನದಿ ದಂಡೆಗಳನ್ನು ಕಾಯಲು, ಹೊಯ್ಗೆ ತೆಗೆಯುವುದಕ್ಕೆ ಮಿತಿ ಹಾಕಲು ಕಾನೂನು ತಂದಿತು. ಅಷ್ಟರೊಳಗೆ ಹೊಳೆಗಳ ತಳ ಎಷ್ಟೋ ಇಳಿದಿತ್ತು. ತಳದಲ್ಲಿ ಗುಂಡಿ ಇದ್ದರೆ ಮೇಲಿಂದ ಬಂದ ಹೊಯ್ಗೆ ಮೊದಲು ಆ ಗುಂಡಿ ತುಂಬುತ್ತದೆ, ಕಡಲಿಗೆ ತಲುಪುವುದು ಆಮೇಲೆ. ಕೇಂದ್ರ ಸರ್ಕಾರದ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ ಕೇರಳದ ತೀರದ ಸುಮಾರು 46 ಶೇಕಡಾ ಕೊರೆಯುತ್ತಿರುವುದು ಕಂಡಿತು. ಇಡೀ ದೇಶದ ಲೆಕ್ಕ ಸುಮಾರು 34 ಶೇಕಡಾ.

ಹೂಳು ದಡಕ್ಕೆ ಹೋಗುವ ಬಗೆ

ಹೂಳೆತ್ತುವ ಯಂತ್ರವಾದ ಡ್ರೆಜ್ಜರ್‌ನಲ್ಲಿ ಹಲವು ಬಗೆ. ದೊಡ್ಡ ಬಂದರುಗಳಲ್ಲಿ ಕಾಣುವುದು ಹಡಗಿನ ರೂಪದ ಹಾಪರ್ ಡ್ರೆಜ್ಜರ್. ಅದು ತಳವನ್ನು ಹೀರುತ್ತಾ ಸಾಗುತ್ತದೆ, ಹೊಟ್ಟೆ ತುಂಬಿದ ಮೇಲೆ ಬೇರೆ ಕಡೆ ಹೋಗಿ ಖಾಲಿ ಮಾಡುತ್ತದೆ. ನಮ್ಮ ಮೀನುಗಾರಿಕಾ ಬಂದರುಗಳ ಬಾಯಿಯಲ್ಲಿ ಅಷ್ಟು ಆಳವಿಲ್ಲ. ಇಲ್ಲಿಗೆ ಹೊಂದುವುದು ಕಟರ್ ಸಕ್ಷನ್ ಡ್ರೆಜ್ಜರ್. ತೇಲುವ ಚಪ್ಪಟೆ ದೋಣಿಯ ಮೇಲೆ ಒಂದು ಪಂಪು, ಮುಂದೆ ತಳಕ್ಕೆ ಇಳಿಯುವ ಉದ್ದನೆಯ ತೋಳು, ತೋಳಿನ ತುದಿಯಲ್ಲಿ ತಿರುಗುವ ಹಲ್ಲಿನ ಚಕ್ರ. ಚಕ್ರ ಗಟ್ಟಿಯಾದ ಹೂಳನ್ನು ಕೆದಕುತ್ತದೆ, ಪಂಪು ಅದನ್ನು ನೀರಿನ ಜೊತೆ ಹೀರಿ ಪೈಪಿಗೆ ತಳ್ಳುತ್ತದೆ. ಪೈಪಿನಲ್ಲಿ ಹೋಗುವುದರಲ್ಲಿ ಹೆಚ್ಚಿನ ಪಾಲು ನೀರೇ. ಹೊಯ್ಗೆ ಐದರಲ್ಲಿ ಒಂದು ಪಾಲು ಇದ್ದರೆ ದೊಡ್ಡದು.

ಈ ಪೈಪಿನ ಬಾಯಿ ಎಲ್ಲಿ ತೆರೆಯಬೇಕು ಎಂಬುದರಲ್ಲೇ ಎಲ್ಲ ಇದೆ. ಕೊರೆದು ಹೋದ ದಡ ಒಂದೆರಡು ಕಿಲೋಮೀಟರ್ ಒಳಗೆ ಇದ್ದರೆ ಪೈಪನ್ನು ನೇರ ಅಲ್ಲಿಗೇ ಎಳೆಯಬಹುದು. ದೂರ ಜಾಸ್ತಿಯಾದರೆ ನಡುವೆ ಇನ್ನೊಂದು ಪಂಪು ಕೂರಿಸಬೇಕು. ದಡದಲ್ಲಿ ಮೊದಲು ಜೆಸಿಬಿಯಿಂದ ಕಡಲಿಗೆ ಸಮಾನಾಂತರವಾಗಿ ಒಂದು ಹೊಯ್ಗೆಯ ಒಡ್ಡು ಕಟ್ಟುತ್ತಾರೆ. ಪೈಪಿನಿಂದ ಬಿದ್ದ ನೀರು ಒಡ್ಡಿನ ಒಳಗೆ ಉದ್ದಕ್ಕೆ ಹರಿಯುತ್ತದೆ. ಹರಿಯುತ್ತಾ ನಿಧಾನವಾದಂತೆ ಹೊಯ್ಗೆ ತಳಕ್ಕೆ ಕೂರುತ್ತದೆ, ನೀರು ಮಾತ್ರ ತುದಿಯಲ್ಲಿ ಕಡಲು ಸೇರುತ್ತದೆ. ಒಡ್ಡಿಲ್ಲದೆ ಸುರಿದರೆ ಅರ್ಧ ಹೊಯ್ಗೆ ಅದೇ ನೀರಿನ ಜೊತೆ ಹಿಂದಕ್ಕೆ ಹೋಗುತ್ತದೆ. ಸಣ್ಣ ಕೆಲಸ, ಆದರೆ ಇದನ್ನು ಬಿಟ್ಟರೆ ಡೀಸೆಲ್ ಸುಟ್ಟದ್ದೇ ಬಂತು.

ಇನ್ನೊಂದು ದಾರಿ ದಡದ ಮೇಲೆ ಹಾಕದೆ, ದಡದ ಎದುರು ಕೆಲವೇ ಮೀಟರ್ ಆಳದ ನೀರಿನಲ್ಲಿ ದಿಣ್ಣೆಯಾಗಿ ಹಾಕುವುದು. ಮಳೆಗಾಲದಲ್ಲಿ ಕಡಲು ತಾನೇ ಮಾಡುವ ದಿಣ್ಣೆಯ ಹಾಗೆ ಇದು ತೆರೆಯ ಹೊಡೆತ ತಗ್ಗಿಸುತ್ತದೆ. ಆಮೇಲೆ ತಣ್ಣಗಿನ ಕಾಲದಲ್ಲಿ ಹೊಯ್ಗೆ ಸ್ವಲ್ಪ ಸ್ವಲ್ಪವೇ ದಡಕ್ಕೆ ಏರುತ್ತದೆ. ಖರ್ಚೂ ಕಡಿಮೆ. ಆದರೆ ಹಾಕುವ ಆಳ ಸರಿಯಾಗಿರಬೇಕು. ತುಂಬಾ ಆಳದಲ್ಲಿ ಹಾಕಿದರೆ ಅದನ್ನು ವಾಪಸ್ ತರುವ ಶಕ್ತಿ ಸಣ್ಣ ತೆರೆಗಳಿಗಿಲ್ಲ. ಹೊಯ್ಗೆ ಅಲ್ಲೇ ಉಳಿಯುತ್ತದೆ, ದಡದ ಲೆಕ್ಕದಿಂದ ಹೊರಗೆ ಹೋದ ಹಾಗೆಯೇ.

ಎಷ್ಟು ಹೊಯ್ಗೆ ಬೇಕು?

ಇಲ್ಲಿ ಹೆಚ್ಚಿನವರ ಅಂದಾಜು ತಪ್ಪುತ್ತದೆ. ದಡ ಎಂದರೆ ನಾವು ನಡೆಯುವ ಜಾಗ ಮಾತ್ರ ಎಂದು ಅಂದುಕೊಳ್ಳುತ್ತೇವೆ. ನಿಜವಾದ ದಡ ನೀರಿನ ಅಡಿಯಲ್ಲೂ ಇಳಿಜಾರಾಗಿ ಆರೇಳು ಮೀಟರ್ ಆಳದವರೆಗೆ ಹೋಗುತ್ತದೆ. ತೆರೆಗಳು ಹೊಯ್ಗೆಯನ್ನು ಅಲುಗಿಸುವುದು ಅಲ್ಲಿಯವರೆಗೂ. ಮೇಲೆ ಕಾಣುವ ಎರಡು ಮೀಟರ್ ಎತ್ತರ ಸೇರಿಸಿದರೆ ಸುಮಾರು ಎಂಟು ಮೀಟರ್. ಒಂದು ಕಿಲೋಮೀಟರ್ ಉದ್ದದ ದಡವನ್ನು ಇಪ್ಪತ್ತು ಮೀಟರ್ ಮುಂದಕ್ಕೆ ತರಬೇಕಾದರೆ 1000 × 20 × 8, ಅಂದರೆ 1,60,000 ಘನ ಮೀಟರ್ ಹೊಯ್ಗೆ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ನಲ್ಲಿ 16,000 ಲೋಡು. ಊರ ರಸ್ತೆಯಲ್ಲಿ ಅಷ್ಟು ಟಿಪ್ಪರ್ ಓಡಿಸಲು ಸಾಧ್ಯವಾ? ಪೈಪು, ಡ್ರೆಜ್ಜರ್ ಯಾಕೆ ಬೇಕು ಎಂಬುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಹಾಕಿದ ಮೇಲೆ ನಡೆಯುವ ಒಂದು ಸಂಗತಿಯನ್ನು ಜನರಿಗೆ ಮೊದಲೇ ಹೇಳಬೇಕು. ಸುರಿದ ಮೊದಲ ದಿನಗಳಲ್ಲಿ ದಡ ಐವತ್ತು ಮೀಟರ್ ಅಗಲ ಕಾಣುತ್ತದೆ. ಮುಂದಿನ ಮಳೆಗಾಲಕ್ಕೆ ಅರ್ಧ ಹೋಗಿರುತ್ತದೆ. "ಕೋಟಿಗಟ್ಟಲೆ ದುಡ್ಡು ಕಡಲಿಗೆ ಸುರಿದರು" ಎಂಬ ಕೂಗು ಏಳುತ್ತದೆ. ಅಂಗಳಕ್ಕೆ ಸುರಿದ ಅಡಿಕೆ ರಾಶಿಯನ್ನು ಹರಡಿದರೆ ರಾಶಿ ತಗ್ಗುತ್ತದೆ, ಅಡಿಕೆ ಎಲ್ಲೂ ಹೋಗಿರುವುದಿಲ್ಲ. ಇಲ್ಲೂ ತೆರೆ ಹರಡುವ ಕೆಲಸ ಮಾಡುತ್ತದೆ. ಒಂದಷ್ಟು ಹೊಯ್ಗೆ ನೀರಿನಡಿಯ ಇಳಿಜಾರನ್ನು ತುಂಬುತ್ತದೆ, ಒಂದಷ್ಟು ಎಡಬಲದ ದಡಗಳಿಗೆ ಸಾಗುತ್ತದೆ. ಇಳಿಜಾರು ತುಂಬದೆ ಮೇಲಿನ ದಡ ನಿಲ್ಲುವುದೇ ಇಲ್ಲ. ಹೀಗೆ ಹರಡಿದ್ದನ್ನು, ನಿಜಕ್ಕೂ ಕಳೆದುಹೋದದ್ದನ್ನು ಬೇರೆ ಮಾಡಿ ಹೇಳಬೇಕಾದರೆ ನೀರಿನಡಿಯ ಆಳವನ್ನೂ ಅಳೆದಿರಬೇಕು. ಹಾಕುವ ಮೊದಲು, ಹಾಕಿದ ಕೂಡಲೇ, ಮಳೆಗಾಲ ಕಳೆದ ಮೇಲೆ. ಈ ಅಳತೆಗೆ ದುಡ್ಡಿಡದ ಯೋಜನೆಯನ್ನು ನಾನು ನಂಬುವುದಿಲ್ಲ.

ಬೇರೆ ಕಡೆ ಏನಾಯಿತು?

ಆಂಧ್ರದ ವಿಶಾಖಪಟ್ಟಣ ಇದಕ್ಕೆ ನಮ್ಮ ದೇಶದ ಹಳೆಯ ಉದಾಹರಣೆ. 1970ರ ದಶಕದಲ್ಲಿ ಅಲ್ಲಿ ಹೊರ ಬಂದರು ಕಟ್ಟಿದರು. ಪೂರ್ವ ಕರಾವಳಿಯಲ್ಲಿ ಒಟ್ಟು ಲೆಕ್ಕಕ್ಕೆ ಹೊಯ್ಗೆ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಬಂದರಿನ ಗೋಡೆ ಅದನ್ನು ತಡೆದಾಗ ಉತ್ತರದಲ್ಲಿದ್ದ ರಾಮಕೃಷ್ಣ ಬೀಚ್ ಸೊರಗಿತು. ಬಂದರಿನವರು ದಕ್ಷಿಣ ಬದಿಯಲ್ಲಿ ಹೊಯ್ಗೆ ಬಂದು ಬೀಳುವ ಒಂದು ಹೊಂಡ ಮಾಡಿ, ಅಲ್ಲಿಂದ ತೆಗೆದು ಉತ್ತರದ ಬೀಚಿಗೆ ಹಾಕುವ ಕ್ರಮ ಇಟ್ಟುಕೊಂಡರು. ಹಾಕುವುದು ತಪ್ಪಿದಾಗ ಬೀಚ್ ಮತ್ತೆ ಕೊರೆಯುತ್ತದೆ. ಇದೊಂದು ಸಲ ಮಾಡಿ ಕೈ ತೊಳೆದುಕೊಳ್ಳುವ ಕೆಲಸವಲ್ಲ ಎಂಬುದು ಅಲ್ಲಿಯವರಿಗೆ ಅನುಭವದಿಂದ ಗೊತ್ತು.

ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಬ್ರೇಕ್‌ವಾಟರ್ ಬಂತು. ನಗರದ ಎದುರಿನ ಬೀಚ್ ಪೂರ್ತಿ ಹೋಯಿತು. ಒಂದು ತಲೆಮಾರಿನ ಮಕ್ಕಳು ಅಲ್ಲಿ ಕಂಡದ್ದು ಬರೀ ಕಪ್ಪು ಬಂಡೆಗಲ್ಲು. ಕಲ್ಲು ಹಾಕಿದಷ್ಟೂ ಕೊರೆತ ಉತ್ತರದ ಮೀನುಗಾರ ಹಳ್ಳಿಗಳಿಗೆ ಸರಿಯಿತು. ಆಮೇಲೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನಡಿ ಮುಳುಗಿರುವ ಉಕ್ಕಿನ ತ್ರಿಕೋನ ದಿಬ್ಬವೊಂದನ್ನು ಕೂರಿಸಿತು. ಬಂದರಿನ ಬಾಯಿಯಿಂದ ತೆಗೆದ ಹೂಳನ್ನು ಬೀಚಿಗೆ ಹಾಕಲಾಯಿತು. 2018–19ರ ಹೊತ್ತಿಗೆ ಅಲ್ಲಿ ಮತ್ತೆ ಜನ ಹೊಯ್ಗೆಯ ಮೇಲೆ ನಡೆದರು. ನನಗೆ ಈ ಉದಾಹರಣೆ ಇಷ್ಟ. ಹೊಯ್ಗೆ ಹಾಕುವುದು, ಹಾಕಿದ್ದನ್ನು ಸ್ವಲ್ಪ ಕಾಲ ತಡೆದು ನಿಲ್ಲಿಸುವುದು, ಎರಡನ್ನೂ ಒಟ್ಟಿಗೆ ಯೋಚಿಸಿದ್ದಾರೆ.

ಆಸ್ಟ್ರೇಲಿಯಾದ ಟ್ವೀಡ್ ನದಿಯ ಬಾಯಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ 2001ರಿಂದ ಶಾಶ್ವತ ಪಂಪುಗಳೇ ಇವೆ. ಕಡಲಿಗೆ ಚಾಚಿದ 450 ಮೀಟರ್ ಜೆಟ್ಟಿಯ ಕೆಳಗಿನಿಂದ ಹೊಯ್ಗೆ ಹೀರಿ, ನದಿಯ ಅಡಿಯಲ್ಲಿ ಹಾದ ಪೈಪಿನ ಮೂಲಕ ಆಚೆಯ ಗೋಲ್ಡ್ ಕೋಸ್ಟ್ ಬೀಚುಗಳಿಗೆ ಕಳಿಸುತ್ತಾರೆ. ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್. ಮೊದಲ ವರ್ಷಗಳಲ್ಲಿ ಜಾಸ್ತಿ ಹೊಯ್ಗೆ ಹೋಗಿ ಕಿರಾ ಎಂಬ ಬೀಚ್ ವಿಪರೀತ ಅಗಲವಾಯಿತು, ಅಲ್ಲಿನ ಹೆಸರುವಾಸಿ ಸರ್ಫಿಂಗ್ ತೆರೆಯೇ ಕೆಟ್ಟಿತು. ಊರವರು ದೂರಿದರು. ಜಾಸ್ತಿಯಾದರೂ ತೊಂದರೆಯೇ.

ನೆದರ್ಲೆಂಡ್ಸ್‌ನವರು 2011ರಲ್ಲಿ ಹೇಗ್ ನಗರದ ಬಳಿ 2 ಕೋಟಿಗೂ ಹೆಚ್ಚು ಘನ ಮೀಟರ್ ಹೊಯ್ಗೆಯನ್ನು ಒಂದೇ ಜಾಗದಲ್ಲಿ ದಡದಿಂದ ಕಡಲಿಗೆ ಚಾಚಿದ ಪರ್ಯಾಯ ದ್ವೀಪದ ಹಾಗೆ ಹಾಕಿ, ಹರಡುವ ಕೆಲಸವನ್ನು ಗಾಳಿಗೆ, ತೆರೆಗೆ ಬಿಟ್ಟರು. ಅಷ್ಟು ದೊಡ್ಡದು ನಮಗೆ ಬೇಕಾಗಿಲ್ಲ.

ಎಲ್ಲ ಹೂಳೂ ದಡಕ್ಕೆ ಆಗುವುದಿಲ್ಲ

ಹೂಳಿನಲ್ಲಿ ಹೊಯ್ಗೆ ಇರುತ್ತದೆ, ಕೆಸರೂ ಇರುತ್ತದೆ. ಕಡಲ ಕಡೆಯ ಬಾಯಿಯಲ್ಲಿ ಸಿಗುವುದು ಹೆಚ್ಚಾಗಿ ಹೊಯ್ಗೆ. ಒಳಗೆ, ದೋಣಿ ಕಟ್ಟುವ ಧಕ್ಕೆಯ ಪಕ್ಕ ಸಿಗುವುದು ಕಪ್ಪು ಕೆಸರು, ಡೀಸೆಲ್ ವಾಸನೆ, ಮೀನಿನ ಕೊಳಕು, ಬಲೆಯ ಚೂರು. ಇದನ್ನು ದಡಕ್ಕೆ ಹಾಕಲೇಬಾರದು.

ಪರೀಕ್ಷೆಗೆ ಲ್ಯಾಬ್ ಬೇಕು, ನಿಜ. ಆದರೆ ಮೊದಲ ಅಂದಾಜು ಯಾರೂ ಮಾಡಬಹುದು. ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಕಾಲು ಭಾಗ ಹೂಳು ಹಾಕಿ, ಮೇಲಕ್ಕೆ ನೀರು ತುಂಬಿ, ಚೆನ್ನಾಗಿ ಅಲ್ಲಾಡಿಸಿ ನೆಲದ ಮೇಲಿಡಿ. ಹೊಯ್ಗೆ ಹತ್ತು ಹದಿನೈದು ಸೆಕೆಂಡಿನಲ್ಲಿ ತಳಕ್ಕೆ ಕೂರುತ್ತದೆ. ಮೇಲಿನ ನೀರು ಬೇಗ ತಿಳಿಯಾದರೆ ಅದು ದಡಕ್ಕೆ ಆಗಬಹುದಾದ ಹೂಳು. ಅರ್ಧ ದಿನ ಕಳೆದರೂ ನೀರು ಚಹಾದ ಬಣ್ಣದಲ್ಲೇ ಇದ್ದರೆ ಅದರಲ್ಲಿ ಕೆಸರು ಜಾಸ್ತಿ. ದಡಕ್ಕೆ ಹಾಕಿದರೂ ಮೊದಲ ತೆರೆಗೇ ಎದ್ದು ಹೋಗುತ್ತದೆ. ಕೂತ ಹೊಯ್ಗೆಯ ಕಾಳನ್ನು ಆ ದಡದ ಹೊಯ್ಗೆಯ ಪಕ್ಕ ಅಂಗೈಯಲ್ಲಿಟ್ಟು ನೋಡಿ. ಕಾಳು ಅಷ್ಟೇ ದಪ್ಪ ಅಥವಾ ಸ್ವಲ್ಪ ದಪ್ಪ ಇದ್ದರೆ ನಿಲ್ಲುತ್ತದೆ. ಸಣ್ಣದಿದ್ದರೆ ಅದೇ ಅಗಲಕ್ಕೆ ತುಂಬಾ ಜಾಸ್ತಿ ಹೊಯ್ಗೆ ಬೇಕಾಗುತ್ತದೆ.

ಕೆಸರು ನೀರಿನಲ್ಲಿ ತೇಲುತ್ತಾ ಹಿನ್ನೀರಿಗೆ ಹೋದರೆ ಇನ್ನೊಂದು ನಷ್ಟ. ಪಡನ್ನ, ಚೆರ್ವತ್ತೂರು ಕಡೆಯ ಹಿನ್ನೀರಿನಲ್ಲಿ ಹಗ್ಗ ಕಟ್ಟಿ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಜೀವಿಯನ್ನು ಬೆಳೆಸುವವರಿದ್ದಾರೆ, ಅದರಲ್ಲಿ ಎಷ್ಟೋ ಜನ ಹೆಂಗಸರು. ಕಲ್ಲುಮ್ಮಕ್ಕಾಯಿ ನೀರನ್ನು ಸೋಸಿ ತಿನ್ನುವ ಜೀವಿ. ನೀರು ಕದಡಿದರೆ ಬೆಳೆ ಕುಂಠಿತ. ಅಂಥ ಕಡೆ ಹೂಳೆತ್ತುವಾಗ ಬೆಳೆಯ ತಿಂಗಳು ಕೇಳಿಕೊಂಡೇ ಕೆಲಸ ಇಟ್ಟುಕೊಳ್ಳಬೇಕು.

ಕಡಲಾಮೆಯ ಲೆಕ್ಕವೂ ಇದೆ. ನೀಲೇಶ್ವರದ ಬಳಿಯ ತೈಕಡಪ್ಪುರದಂಥ ತೀರಕ್ಕೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಅದೂ ಮಳೆಗಾಲ ಕಳೆದ ತಂಪಿನ ತಿಂಗಳುಗಳಲ್ಲಿ. ಹೊಯ್ಗೆ ಹಾಕಲು ಕಡಲು ಬಿಡುವು ಕೊಡುವುದೂ ಆಗಲೇ. ಹೊಸದಾಗಿ ಹಾಕಿದ ಹೊಯ್ಗೆ ಯಂತ್ರ ಓಡಾಡಿ ಗಟ್ಟಿಯಾಗಿದ್ದರೆ ಆಮೆಗೆ ತೋಡಲು ಆಗುವುದಿಲ್ಲ. ತೆರೆ ಕಡಿದು ಸೊಂಟದೆತ್ತರದ ಮೆಟ್ಟಿಲು ಮಾಡಿದ್ದರೆ ಹತ್ತಲು ಆಗುವುದಿಲ್ಲ. ಹಾಗಾಗಿ ಆಮೆ ಬರುವ ದಡದಲ್ಲಿ ಹೊಯ್ಗೆಯನ್ನು ನೀರಿನಡಿಯ ದಿಣ್ಣೆಯಾಗಿ ಹಾಕುವುದು ಲೇಸು. ಮೇಲೆಯೇ ಹಾಕಬೇಕಾದರೆ ಆಮೆಗಳ ಕಾಲ ಮುಗಿದ ಮೇಲೆ, ಮಳೆಗೆ ಮೊದಲು ಹಾಕಿ, ಉತ್ತು ಸಡಿಲ ಮಾಡಿ, ಮೆಟ್ಟಿಲನ್ನು ಇಳಿಜಾರು ಮಾಡಿ ಬಿಡಬೇಕು.

ಕಲ್ಲಿನ ಗೋಡೆ ಸಾಲದೇ?

ಮನೆಯ ಹಿಂಬಾಗಿಲಿಂದ ಹತ್ತು ಹೆಜ್ಜೆಗೆ ಕಡಲು ಬಂದಿರುವವರಿಗೆ ಹೊಯ್ಗೆಯ ಪಾಠ ಹೇಳಿದರೆ ಸಿಟ್ಟು ಬರುವುದು ಸಹಜ. ಅವರಿಗೆ ಈ ಮಳೆಗಾಲ ದಾಟಬೇಕು. ಅಲ್ಲಿ ಕಲ್ಲು ಬೇಕಾಗುತ್ತದೆ, ನಾನು ಬೇಡ ಎನ್ನುವುದಿಲ್ಲ. ಆದರೆ ಗೋಡೆಗೆ ಬಡಿದ ತೆರೆ ಸಾಕಷ್ಟು ಬಲದಲ್ಲಿ ಹಿಂದಕ್ಕೆ ಹೋಗುತ್ತಾ ಗೋಡೆಯ ಬುಡದ ಹೊಯ್ಗೆಯನ್ನು ಎಬ್ಬಿಸಿಕೊಂಡು ಹೋಗುತ್ತದೆ. ಬುಡ ಟೊಳ್ಳಾಗಿ ಕಲ್ಲು ಕುಸಿಯುತ್ತದೆ, ಕೆಲವು ವರ್ಷಕ್ಕೆ ಮತ್ತೆ ಕಲ್ಲು. ಗೋಡೆ ಮುಗಿದ ತುದಿಯಲ್ಲಿ ಇರುವ ಮನೆಯವರ ಕಡೆ ಕೊರೆತ ಮೊದಲಿಗಿಂತ ಜೋರಾಗುತ್ತದೆ. ದೋಣಿ ಎಳೆದಿಡಲು, ಬಲೆ ಒಣಗಿಸಲು ಜಾಗ ಇರುವುದಿಲ್ಲ. ಗೋಡೆಯ ಮುಂದೆ ಹೊಯ್ಗೆ ಹಾಕಿಟ್ಟರೆ ಆ ಗೋಡೆಯೂ ಹೆಚ್ಚು ಕಾಲ ಬಾಳುತ್ತದೆ.

ಈಗ ನಮ್ಮ ಹೂಳು ಎಲ್ಲಿ ಹೋಗುತ್ತಿದೆ?

ಅಳಿವೆಯ ಹೊಯ್ಗೆಗೆ ಒಳ್ಳೆಯ ಬೆಲೆಯಿದೆ. ತೊಳೆದು ಉಪ್ಪು ತೆಗೆದರೆ ಮನೆ ಕಟ್ಟಲು ಆಗುತ್ತದೆ. ಕೇರಳದ ಬಂದರು ವಿಭಾಗದ ಕಡವುಗಳಲ್ಲಿ ದೋಣಿಯಲ್ಲಿ ಹೂಳು ತೆಗೆಸಿ, ಪಾಸ್ ಕೊಟ್ಟು ಮಾರುವ ಕ್ರಮ ಹಿಂದಿನಿಂದ ಇದೆ. ಅದರಿಂದ ಕೆಲಸ ಮಾಡುವವರಿಗೆ ಕೂಲಿ, ಪಂಚಾಯಿತಿಗೆ ಆದಾಯ, ಮನೆ ಕಟ್ಟುವವರಿಗೆ ಹೊಯ್ಗೆ. ಇದನ್ನು ಒಮ್ಮೆಲೇ ನಿಲ್ಲಿಸಿ ಎಂದು ಹೇಳುವುದು ಸುಲಭವಲ್ಲ, ಅಲ್ವಾ? ಆದರೆ ಟಿಪ್ಪರ್ ಹತ್ತಿದ ಹೊಯ್ಗೆ ಮತ್ತೆ ಕಡಲತೀರಕ್ಕೆ ಬರುವುದಿಲ್ಲ. ಹೊಳೆಯ ಒಳಭಾಗದಲ್ಲಿ ತೆಗೆದದ್ದಕ್ಕಿಂತಲೂ ಅಳಿವೆಯ ಬಾಯಲ್ಲಿ, ಬ್ರೇಕ್‌ವಾಟರ್ ಮಗ್ಗುಲಲ್ಲಿ ತೆಗೆದ ಹೊಯ್ಗೆ ನೇರವಾಗಿ ಪಕ್ಕದ ದಡದ ಪಾಲು. ಕನಿಷ್ಠ ಅದನ್ನಾದರೂ ಮಾರಾಟದಿಂದ ಹೊರಗಿಡಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಊರಿನ ಬಂದರಿನಲ್ಲಿ ಹೂಳೆತ್ತುವ ಟೆಂಡರ್ ಆದರೆ ಗ್ರಾಮಸಭೆಯಲ್ಲಿ, ಮೀನುಗಾರರ ಸಂಘದಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಕೋಟಿ ಎಂದಲ್ಲ. ತೆಗೆದ ಹೊಯ್ಗೆಯನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿ. ಆ ಜಾಗ ಟೆಂಡರ್ ಕಾಗದದಲ್ಲಿ ಬರೆದಿರಬೇಕು. ದೂರದ ಆಳ ಸಮುದ್ರಕ್ಕೆ ಎಂದಿದ್ದರೆ ಯಾಕೆ ಎಂದು ಕೇಳಿ. ಕಾಳಿನ ಪರೀಕ್ಷೆ ಮಾಡಿದ್ದಾರಾ, ದಡದ ಅಡ್ಡ ಅಳತೆಯನ್ನು ನೀರಿನ ಒಳಗೂ ತೆಗೆದಿದ್ದಾರಾ, ತೀರ ವಲಯ ನಿಯಮದ ಪ್ರಕಾರ ಅನುಮತಿ ಇದೆಯಾ ಎಂದು ನೋಡಿ. ಕೆಲಸ ಶುರುವಾಗುವ ಮೊದಲೇ ಕೇಳಬೇಕು. ಪೈಪಿನ ಉದ್ದ, ಪಂಪಿನ ಶಕ್ತಿ ಎಲ್ಲ ನಿಂತಿರುವುದು ಹೊಯ್ಗೆ ಹಾಕುವ ಜಾಗದ ದೂರದ ಮೇಲೆ. ಒಪ್ಪಂದ ಆಗಿ ಡ್ರೆಜ್ಜರ್ ಬಂದು ನಿಂತ ಮೇಲೆ ಜಾಗ ಬದಲಿಸಿ ಎಂದರೆ ಗುತ್ತಿಗೆದಾರ ಹೊಸ ದರ ಕೇಳುತ್ತಾನೆ. ಆ ದರ ಮಂಜೂರಾಗುವಷ್ಟರಲ್ಲಿ ಮೇ ತಿಂಗಳು ಮುಗಿದಿರುತ್ತದೆ, ಕಡಲಿಗೆ ಇಳಿಯುವ ಹಾಗಿರುವುದಿಲ್ಲ.